ಹಳೇ ಲ್ಯಾಪ್‌ಟಾಪು, ಬೀಸೋ ಪದ ಮತ್ತು ಫ್ರೀಜ್ ಗುಂಡಿ

ಕಂಪ್ಯೂಟರಿನಲ್ಲಿ ಹಾಡು ಕಟ್ಟುವ ಹುಡುಗರು ಈಗ ಊರೂರಿನಲ್ಲೂ ಇದ್ದಾರೆ. ಹಬ್ಬಕ್ಕೊಂದು ಹಾಡು, ಜಾತ್ರೆಗೊಂದು ಹಾಡು, ಪಂಚಾಯ್ತಿ ಚುನಾವಣೆ ಬಂದರೆ ವಾರ್ಡಿಗೊಂದು ಹಾಡು. ನಮ್ಮ ಕಡಕೊಳದ ಸುತ್ತಮುತ್ತ ಹಗಲು ಫ್ಯಾಕ್ಟರಿ ಪಾಳಿ ಮುಗಿಸಿ, ರಾತ್ರಿ ಒಂದು ಮೈಕು, ಒಂದು ಲ್ಯಾಪ್‌ಟಾಪು ಮುಂದೆ ಕೂರುವವರು ಸಿಗುತ್ತಾರೆ. ಅವರಲ್ಲಿ ಯಾರನ್ನೇ ಮಾತಾಡಿಸಿ, ದೂರು ಒಂದೇ: ‘ಸಿಸ್ಟಮ್ ಹ್ಯಾಂಗ್ ಆಯ್ತದೆ.’ ಐದಾರು ಟ್ರ್ಯಾಕು ಇರುವವರೆಗೆ ನೆಟ್ಟಗೆ ಓಡುವ ಯಂತ್ರ ಹತ್ತು ದಾಟಿದ ಮೇಲೆ ಕರಕರ ಅನ್ನುತ್ತದೆ. ಹದಿನೈದಕ್ಕೆ ಹಾಡು ತುಂಡು ತುಂಡಾಗಿ ಕೇಳುತ್ತದೆ. ಇಪ್ಪತ್ತಕ್ಕೆ ನಿಂತೇ ಹೋಗುತ್ತದೆ. ಅಂಗಡಿಗೆ ಹೋಗಿ ಕೇಳಿದರೆ ಉತ್ತರವೂ ಒಂದೇ: ಹೊಸದು ತಗೊಳ್ಳಿ.

ಹೊಸದು ತಗೊಳ್ಳುವ ಮೊದಲು ಒತ್ತಿ ನೋಡಬೇಕಾದ ಒಂದು ಗುಂಡಿ ಇದೆ. ಅದರ ಹೆಸರು ಫ್ರೀಜ್. ಹಾಡು ಮಾಡದವರೂ ಓದಬಹುದು, ಏಕೆಂದರೆ ಇದರಲ್ಲಿ ಸಾಲದ ವಿಷಯವೂ ಇದೆ.

ನಾವು ನಾಲ್ವರು ಒಟ್ಟಿಗೆ ಪತ್ರಿಕೋದ್ಯಮ ಓದಿದವರು. ವರದಿ ಬರೆಯುವುದರ ಜೊತೆಗೆ ಸುತ್ತಲಿನ ಹಳ್ಳಿಗಳ ಹಾಡು, ಕತೆ, ಮಾತು ರೆಕಾರ್ಡು ಮಾಡಿಡುವ ಅಭ್ಯಾಸ ಇಟ್ಟುಕೊಂಡಿದ್ದೇವೆ. ಅದಕ್ಕೆಂದು ಕಡಕೊಳದಲ್ಲಿ ಮಹಡಿ ಮೇಲೆ ಶೀಟು ಹಾಕಿದ ಒಂದು ರೂಮು ಬಾಡಿಗೆಗೆ ಹಿಡಿದಿದ್ದೇವೆ. ಅದನ್ನು ಸ್ಟುಡಿಯೋ ಅಂತ ಕರೆಯುವುದು ನಾವು ಮಾತ್ರ. ಗೋಡೆಗೆ ಹಳೇ ಕಂಬಳಿ, ಬಾಗಿಲಿಗೆ ಎರಡು ಪದರ ಗೋಣಿಚೀಲ. ಆದರೂ ಮಂಡಕಳ್ಳಿಯಿಂದ ವಿಮಾನ ಎದ್ದರೆ ನಿಲ್ಲಿಸಬೇಕು, ಚಾಮರಾಜನಗರದ ರೈಲು ಕೂಗಿದರೆ ನಿಲ್ಲಿಸಬೇಕು. ನಂಜನಗೂಡು ರಸ್ತೆಯ ಲಾರಿಗಳಿಗಂತೂ ಹೊತ್ತುಗೊತ್ತಿಲ್ಲ. ನೋಡಿ ನಗುವವರಿಗೆ ನಾವು ಹೇಳುವುದು ಇಷ್ಟೇ: ಮೈಸೂರಿನ ರೇಡಿಯೋ ಶುರುವಾದದ್ದೂ ಒಂದು ಮನೆಯಲ್ಲೇ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಮಾಡಿದರು. ‘ಆಕಾಶವಾಣಿ’ ಅನ್ನುವ ಹೆಸರು ಇಡೀ ದೇಶಕ್ಕೆ ಹೋದದ್ದು ಅಲ್ಲಿಂದ.

ನಮ್ಮ ಲ್ಯಾಪ್‌ಟಾಪು ಸೆಕೆಂಡ್ ಹ್ಯಾಂಡು, 4 ಜಿಬಿ ರ್‍ಯಾಮ್. ಮಾತು ರೆಕಾರ್ಡು ಮಾಡಿ ಕತ್ತರಿಸಿ ಜೋಡಿಸಲು ಅದು ಧಾರಾಳ ಸಾಕು. ಕಷ್ಟ ಬಂದದ್ದು ಒಂದು ಬೀಸೋ ಪದದ ಕೆಲಸದಲ್ಲಿ.

ಪಕ್ಕದ ಹಳ್ಳಿಯ ಅಜ್ಜಿಯೊಬ್ಬರಿಗೆ ರಾಗಿ ಬೀಸುವಾಗ ಹಾಡುವ ಪದಗಳು ರಾಶಿ ಗೊತ್ತು. ಗಿರಣಿ ಬಂದ ಮೇಲೆ ಕಲ್ಲು ಹಿತ್ತಲು ಸೇರಿತು, ಪದ ಮಾತ್ರ ಅವರ ಗಂಟಲಲ್ಲಿ ಉಳಿಯಿತು. ಎಂಬತ್ತು ದಾಟಿದ ಅವರಿಗೆ ಈಗ ಉಸಿರು ಸಾಲದು. ಎರಡು ನುಡಿ ಹಾಡಿದರೆ ಐದು ನಿಮಿಷ ಸುಧಾರಿಸಿಕೊಳ್ಳಬೇಕು. ಮೊಮ್ಮಗಳ ಮದುವೆಗೆ ಅಜ್ಜಿಯ ಪದ ಹಾಕಿಸಬೇಕು ಅನ್ನುವುದು ಮನೆಯವರ ಆಸೆ. ಬರೀ ಪದ ಅಲ್ಲ, ‘ಮ್ಯೂಸಿಕ್ ಕೂಡ್ಸಿ ಕೊಡಿ’ ಅಂದರು. ನಮ್ಮನ್ನು ಕೇಳಿದರೆ ಬೀಸೋ ಪದಕ್ಕೆ ಕಲ್ಲಿನ ಸದ್ದೇ ಮ್ಯೂಸಿಕ್ಕು. ಆದರೆ ಪದ ಅವರದು, ಮದುವೆ ಅವರದು. ಒಪ್ಪಿಕೊಂಡೆವು.

ಮೊದಲ ರೆಕಾರ್ಡಿಂಗು ಅವರ ಮನೆಯಲ್ಲೇ ಆಯಿತು. ಸುಮ್ಮನೆ ಕೂತು ಹಾಡಿ ಅಂದರೆ ಅವರಿಗೆ ಪದವೇ ಬರುತ್ತಿರಲಿಲ್ಲ. ಹಿತ್ತಲಿಂದ ಕಲ್ಲು ತರಿಸಿ, ಗೂಟ ಕೈಗೆ ಸಿಕ್ಕ ಮೇಲೆ ಸಾಲಿನ ಮೇಲೆ ಸಾಲು ತಾನಾಗಿ ಬಂತು. ಕಲ್ಲಿನ ಸುತ್ತೇ ತಾಳ.

ಅದಕ್ಕೆ ಸಂಗೀತ ಕೂಡಿಸುವ ಕೆಲಸ ನಮ್ಮ ಜೊತೆ ಸೇರಿಕೊಂಡಿರುವ ಒಬ್ಬ ಹುಡುಗನದು. ಫ್ಯಾಕ್ಟರಿಯೊಂದರಲ್ಲಿ ಗುತ್ತಿಗೆ ಕೆಲಸ ಮಾಡುತ್ತಾನೆ, ಭಜನೆ ಮನೆಯಲ್ಲಿ ಹಾರ್ಮೋನಿಯಂ ಕಲಿತವನು. ತಂಬೂರಿ ಶ್ರುತಿ, ಹಾರ್ಮೋನಿಯಂ, ಕೊಳಲು, ತಮಟೆ, ಗೆಜ್ಜೆ, ಹಿಂದೆ ತೆಳ್ಳಗೆ ಪಿಟೀಲಿನ ಗುಂಪು, ಹೀಗೆ 22 ಟ್ರ್ಯಾಕು ಕಟ್ಟಿದ. ಇವುಗಳಲ್ಲಿ ನಿಜವಾಗಿ ನುಡಿಸಿ ರೆಕಾರ್ಡು ಮಾಡಿದ್ದು ತಮಟೆ, ಗೆಜ್ಜೆಯಂಥ ಕೆಲವು ಮಾತ್ರ. ಉಳಿದವು ಕೀಬೋರ್ಡಿನಲ್ಲಿ ಒತ್ತಿದ ಸ್ವರಗಳು. ಕಂಪ್ಯೂಟರು ಅವನ್ನು ಕೊಳಲಿನ ದನಿಯಾಗಿ, ಪಿಟೀಲಿನ ದನಿಯಾಗಿ ಮಾಡಿ ಕೇಳಿಸುತ್ತದೆ. ಹಾಡು ಚೆನ್ನಾಗೇ ಬಂತು. ಯಂತ್ರ ಮಾತ್ರ ಏದುಸಿರು ಬಿಡತೊಡಗಿತು.

ಅಷ್ಟರಲ್ಲಿ ಇನ್ನೊಂದು ತೊಡಕು. ಮನೆಯ ರೆಕಾರ್ಡಿಂಗಿನಲ್ಲಿ ನಾಲ್ಕು ನುಡಿಗಳ ಮೇಲೆ ಬೀದಿಯ ಬೈಕಿನ ಸದ್ದು ಕೂತಿತ್ತು. ಆ ನಾಲ್ಕನ್ನು ಸಂಗೀತ ಕೇಳಿಸಿಕೊಂಡೇ ಮತ್ತೆ ಹಾಡಬೇಕು. ಅಜ್ಜಿಯನ್ನು ಆಟೋದಲ್ಲಿ ಕರೆತಂದು, ಮಹಡಿ ಹತ್ತಿಸಿ, ಕಿವಿಗೆ ಹೆಡ್‌ಫೋನು ಹಾಕಿದೆವು. ಅವರು ಒಂದು ಸಾಲು ಹಾಡಿ ನಿಲ್ಲಿಸಿಬಿಟ್ಟರು. ‘ಯಾರೋ ನನ್ ಹಿಂದ್ಗಡೆ ಕೂತ್ಕಂಡು ಅಣಕುಸ್ತಾವ್ರೆ ಕಣಪ್ಪ’ ಅಂದರು.

ಅಣಕಿಸುತ್ತಿದ್ದದ್ದು ಅವರದೇ ದನಿ. ಬಾಯಿಂದ ಬಿಟ್ಟ ಸ್ವರ ಕಂಪ್ಯೂಟರಿನೊಳಗೆ ಹೋಗಿ ಕಿವಿಗೆ ಬರುವಷ್ಟರಲ್ಲಿ ತಡವಾಗುತ್ತಿತ್ತು. ಇದು ಯಾಕೆ ಆಗುತ್ತದೆ ಅಂತ ಅರ್ಥವಾದರೆ ಫ್ರೀಜ್ ಗುಂಡಿಯ ಅರ್ಧ ವಿಷಯ ಅರ್ಥವಾದಂತೆ.

ಕಂಪ್ಯೂಟರಿಗೆ ಸದ್ದು ಅಂದರೆ ಬರೀ ಅಂಕಿ. ಸಾಮಾನ್ಯವಾಗಿ ಒಂದು ಸೆಕೆಂಡಿಗೆ 44,100 ಅಂಕಿ; ಸಿ.ಡಿ. ಕಾಲದಿಂದ ಬಂದ ಲೆಕ್ಕ ಇದು. ಇವನ್ನು ಒಂದೊಂದಾಗಿ ಸ್ಪೀಕರಿಗೆ ಕಳಿಸಲು ಆಗುವುದಿಲ್ಲ, ಗುಂಪು ಕಟ್ಟಿ ಕಳಿಸುತ್ತದೆ. ಆ ಗುಂಪಿಗೆ ಬಫರ್ ಅನ್ನುತ್ತಾರೆ. ಮದುವೆ ಮನೆಯ ಪಂಕ್ತಿ ನೆನೆಸಿಕೊಳ್ಳಿ. ಅಡುಗೆಮನೆ ಕಂಪ್ಯೂಟರಿನ ಪ್ರೊಸೆಸರು, ಎಲೆ ಮುಂದೆ ಕೂತವರು ನಾವು, ಬಡಿಸುವವನ ಬಕೆಟ್ಟು ಬಫರು. ಚಿಕ್ಕ ಬಕೆಟ್ಟಾದರೆ ಬಿಸಿಬಿಸಿಯಾಗಿ ಬೇಗ ಬರುತ್ತದೆ, ಆದರೆ ಅಡುಗೆಯವರು ಕ್ಷಣ ಬಿಡದೆ ತುಂಬಿ ಕೊಡುತ್ತಿರಬೇಕು. ಒಂದು ಸುತ್ತು ತಡವಾದರೂ ಎಲೆ ಖಾಲಿ. ಹಾಡಿನಲ್ಲಿ ಕೇಳುವ ಕರಕರ ಸದ್ದು ಅಂದರೆ ಆ ಖಾಲಿ ಎಲೆ. ದೊಡ್ಡ ಬಕೆಟ್ಟಾದರೆ ಅಡುಗೆಮನೆಗೆ ಪುರುಸೊತ್ತು ಸಿಗುತ್ತದೆ, ಎಲೆ ಖಾಲಿಯಾಗದು, ಆದರೆ ಪ್ರತಿ ಸಲ ಕಾಯಬೇಕು.

22 ಟ್ರ್ಯಾಕಿನ ಭಾರಕ್ಕೆ ನಾವು ಬಕೆಟ್ಟನ್ನು 2048 ಅಂಕಿಯಷ್ಟು ದೊಡ್ಡದು ಮಾಡಬೇಕಾಗಿತ್ತು. ಒಂದು ಬಕೆಟ್ಟು ತುಂಬಲು ಸುಮಾರು 46 ಮಿಲಿಸೆಕೆಂಡು. ದನಿ ಒಳಗೆ ಹೋಗಲು ಒಂದು ಬಕೆಟ್ಟು, ಹೊರಗೆ ಬರಲು ಇನ್ನೊಂದು. ಅಲ್ಲಿಗೆ 90 ಮಿಲಿಸೆಕೆಂಡು ದಾಟಿತು. ಓದುವಾಗ ಇದು ಏನೂ ಅಲ್ಲ ಅನ್ನಿಸುತ್ತದೆ. ನಿಮ್ಮದೇ ಮಾತು ಫೋನಿನಲ್ಲಿ ಅಷ್ಟು ತಡವಾಗಿ ವಾಪಸು ಕೇಳಿಸಿದರೆ ನಾಲಿಗೆ ತೊದಲುತ್ತದೆ, ಪರೀಕ್ಷೆ ಮಾಡಿ ನೋಡಬಹುದು. ಇನ್ನು ಎಂಬತ್ತು ದಾಟಿದವರು, ಜೀವಮಾನದಲ್ಲಿ ಮೊದಲ ಸಲ ಹೆಡ್‌ಫೋನು ಹಾಕಿಕೊಂಡವರು ಹೇಗೆ ಹಾಡಬೇಕು? ಬಕೆಟ್ಟನ್ನು 128ಕ್ಕೆ ಇಳಿಸಿದರೆ ಒಂದು ಸುತ್ತಿಗೆ 3 ಮಿಲಿಸೆಕೆಂಡೂ ಇಲ್ಲ, ತಡ ಕಿವಿಗೆ ಗೊತ್ತೇ ಆಗದು. ಆದರೆ ಇಳಿಸಿದ ತಕ್ಷಣ ನಮ್ಮ ಯಂತ್ರ ಕರಕರ ಅಂದು ಕೂತುಬಿಡುತ್ತಿತ್ತು. (ದನಿಯನ್ನು ಕಂಪ್ಯೂಟರಿನ ಒಳಗೆ ಸುತ್ತಿಸದೆ ನೇರವಾಗಿ ಹೆಡ್‌ಫೋನಿಗೆ ಕೊಡುವ ಆಡಿಯೋ ಇಂಟರ್‌ಫೇಸ್‌ಗಳಿವೆ. ಇದ್ದವರು ಅದನ್ನೇ ಬಳಸಿ. ನಮ್ಮ ಅಗ್ಗದ ಯುಎಸ್‌ಬಿ ಮೈಕಿನಲ್ಲಿ ಆ ದಾರಿ ಇಲ್ಲ.)

ಅವತ್ತು ಅಜ್ಜಿಯನ್ನು ಕಾಫಿ ಕುಡಿಸಿ ಮನೆಗೆ ಕಳಿಸಿದೆವು. ಹುಡುಗ ಮಾರನೇ ದಿನವೇ ಲ್ಯಾಪ್‌ಟಾಪಿನ ರೇಟು ಕೇಳಿಕೊಂಡು ಬಂದ. ಎಪ್ಪತ್ತು ಸಾವಿರ. ಅವನಮ್ಮನ ಸಂಘದಲ್ಲಿ ಸಾಲ ಸಿಗುತ್ತದೆ ಅಂದ. ಆ ಮನೆಯಲ್ಲಿ ಆಗಲೇ ಒಂದು ಸಾಲ ಓಡುತ್ತಿದೆ. ವಾರದ ಕಂತಿನ ದಿನ ಆ ತಾಯಿ ಪಕ್ಕದ ಮನೆಯ ಹತ್ತಿರ ಕೈಗಡ ಕೇಳುವುದು ನಮಗೆ ಗೊತ್ತು. ಹಳ್ಳಿಗಳಲ್ಲಿ ಫೋನು, ಬೈಕು, ಲ್ಯಾಪ್‌ಟಾಪಿನ ಕಂತು ಕಟ್ಟುವವರು ಬಹಳ ಸಲ ಅದನ್ನು ಬಳಸುವವರಲ್ಲ, ಅವರ ತಾಯಂದಿರು. ಈ ವಿಷಯದ ಮೇಲೆ ನಮ್ಮಲ್ಲಿ ಒಂದಿಡೀ ಸಂಜೆ ಜಗಳವೇ ಆಯಿತು. ‘ಅಜ್ಜಿಗೆ ವಯಸ್ಸಾಗದೆ, ಲೇಟ್ ಮಾಡಕ್ಕಾಗಲ್ಲ’ ಅನ್ನುವುದು ಅವನ ವಾದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ವಾದ ಒಂದೇ: ಭಾನುವಾರದವರೆಗೆ ಅರ್ಜಿ ಕೊಡಬೇಡ, ಮೊದಲು ಫ್ರೀಜ್ ಮಾಡಿ ನೋಡೋಣ.

ಈ ಹೆಸರು ಕೇಳಿ ಕೆಳಗಿನ ಮನೆಯ ಓನರ್ ಅಮ್ಮ, ‘ಹಾಡ್ನೂ ಫ್ರಿಜ್ಜಲ್ಲಿ ಇಡ್ತೀರಾ?’ ಅಂದಿದ್ದರು. ಹೆಚ್ಚುಕಮ್ಮಿ ಅದೇ. ಆದರೆ ಅದಕ್ಕಿಂತ ಹತ್ತಿರದ ಹೋಲಿಕೆ ನಮ್ಮ ಮನೆಯ ರಾಗಿ ಹಿಟ್ಟು.

ಮುದ್ದೆ ಮಾಡುವಾಗಲೆಲ್ಲ ಯಾರಾದರೂ ಹೊಸದಾಗಿ ರಾಗಿ ಬೀಸುತ್ತಾರೆಯೇ? ಒಂದು ಸಲ ಗಿರಣಿಗೆ ಹಾಕಿಸಿ ಡಬ್ಬಕ್ಕೆ ತುಂಬಿಡುತ್ತೇವೆ. ಹಾಡಿನ ತಂತ್ರಾಂಶ ಹಾಗಲ್ಲ. ನೀವು ಪ್ಲೇ ಒತ್ತಿದಾಗಲೆಲ್ಲ ಕೊಳಲಿನ ಒಂದೊಂದು ಸ್ವರವನ್ನೂ ಮೊದಲಿಂದ ಲೆಕ್ಕ ಹಾಕುತ್ತದೆ. ಅದರ ಮೇಲಿನ ಎಕೋ, ಗುಡಿಯೊಳಗೆ ಹಾಡಿದಂತೆ ಕೇಳಿಸುವ ರಿವರ್ಬು, ಎಲ್ಲವನ್ನೂ ಮೊದಲಿಂದ ಲೆಕ್ಕ ಹಾಕುತ್ತದೆ. ನಿನ್ನೆ ನೂರು ಸಲ ಕೇಳಿದ ಅದೇ ಕೊಳಲು, ಒಂದು ಸ್ವರವೂ ಬದಲಾಗಿಲ್ಲ. ಆದರೂ ನೂರಾಒಂದನೇ ಸಲವೂ ರಾಗಿ ಬೀಸುತ್ತಲೇ ಇರುತ್ತದೆ. ಯಾಕೆಂದರೆ ನೀವು ಯಾವ ಗಳಿಗೆಯಲ್ಲಾದರೂ ಸ್ವರ ಬದಲಿಸಬಹುದು ಅಂತ ಅದು ತಯಾರಾಗಿ ನಿಂತಿರುತ್ತದೆ.

ಫ್ರೀಜ್ ಒತ್ತಿದರೆ ಆ ಟ್ರ್ಯಾಕನ್ನು ಪೂರ್ತಿ ಒಂದು ಸಲ ಲೆಕ್ಕ ಹಾಕಿ, ಉತ್ತರವನ್ನು ಒಂದು ಆಡಿಯೋ ಫೈಲಾಗಿ ಡಿಸ್ಕಿನಲ್ಲಿ ಬರೆದಿಡುತ್ತದೆ. ಆಮೇಲೆ ವಾದ್ಯದ ತಂತ್ರಾಂಶವನ್ನು ಕೆಲಸದಿಂದ ಬಿಡಿಸುತ್ತದೆ. ಇನ್ನು ಮೇಲೆ ಪ್ಲೇ ಒತ್ತಿದರೆ ಸಿದ್ಧ ಹಿಟ್ಟು. ಬರೆದಿಟ್ಟ ಫೈಲನ್ನು ಓದುವುದು ಎಂಥ ಹಳೇ ಯಂತ್ರಕ್ಕೂ ಸಲೀಸು. ರಾಗಿ ಹಿಟ್ಟಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ, ಅದೇ ಇದರ ಸೊಗಸು: ಇಲ್ಲಿ ರಾಗಿ ಚೀಲ ಹಾಗೇ ಇರುತ್ತದೆ. ಕೊಳಲಿನ ಸ್ವರ ಬದಲಿಸಬೇಕಾದರೆ ಅನ್‌ಫ್ರೀಜ್ ಒತ್ತಿ, ಮೂಲ ಟ್ರ್ಯಾಕು ವಾಪಸು ಬರುತ್ತದೆ. ಬದಲಿಸಿ, ಮತ್ತೆ ಫ್ರೀಜ್ ಮಾಡಿ.

ನಾವು ಬಳಸುವುದು ರೀಪರ್ ಅನ್ನುವ ತಂತ್ರಾಂಶ. ಅದರಲ್ಲಿ ಟ್ರ್ಯಾಕಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ರೆಂಡರ್/ಫ್ರೀಜ್ ಅಂತ ಒಂದು ಪಟ್ಟಿ ತೆರೆಯುತ್ತದೆ. ಮೋನೋ, ಸ್ಟೀರಿಯೋ ಯಾವುದು ಬೇಕೋ ಆರಿಸಬಹುದು. ಏಬಲ್ಟನ್ ಲೈವ್‌ನಲ್ಲೂ ಟ್ರ್ಯಾಕಿನ ಮೇಲೆ ರೈಟ್ ಕ್ಲಿಕ್ಕೇ. ಅಲ್ಲಿ ಫ್ಲಾಟನ್ ಅಂತ ಇನ್ನೊಂದಿದೆ, ಅದನ್ನು ಒತ್ತಿದರೆ ರಾಗಿ ಚೀಲ ಹೋಗಿ ಹಿಟ್ಟು ಮಾತ್ರ ಉಳಿಯುತ್ತದೆ, ಜೋಪಾನ. ಲಾಜಿಕ್, ಕ್ಯೂಬೇಸ್‌ಗಳಲ್ಲೂ ಈ ಸೌಲಭ್ಯ ಇದೆ. ಅಡಾಸಿಟಿ ಬಳಸುವವರು ಮಿಕ್ಸ್ ಅಂಡ್ ರೆಂಡರ್ ನೋಡಿ. ಅದು ಹಿಂದಕ್ಕೆ ಬರುವ ದಾರಿ ಇಟ್ಟಿರುವುದಿಲ್ಲ, ಹಾಗಾಗಿ ಮೊದಲು ಪ್ರಾಜೆಕ್ಟಿನ ಒಂದು ನಕಲು ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಫ್ರೀಜ್ ಅನ್ನುವ ಗುಂಡಿಯೇ ಇಲ್ಲದ ತಂತ್ರಾಂಶವಾದರೆ ಆ ಟ್ರ್ಯಾಕನ್ನು ಮಾತ್ರ ವೇವ್ ಫೈಲಾಗಿ ತೆಗೆದು ಹೊಸ ಟ್ರ್ಯಾಕಿನಲ್ಲಿ ಕೂರಿಸಿ, ಹಳೆಯದರ ವಾದ್ಯವನ್ನು ಆಫ್ ಮಾಡಿದರಾಯಿತು. ಬರೀ ಮ್ಯೂಟ್ ಮಾಡಿದರೆ ಸಾಲದು. ಮ್ಯೂಟ್ ಆದ ವಾದ್ಯ ಎಷ್ಟೋ ತಂತ್ರಾಂಶಗಳಲ್ಲಿ ಸದ್ದಿಲ್ಲದೆ ರಾಗಿ ಬೀಸುತ್ತಲೇ ಇರುತ್ತದೆ.

ಎಲ್ಲವನ್ನೂ ಫ್ರೀಜ್ ಮಾಡಬೇಕಾಗಿಲ್ಲ. ಅಜ್ಜಿಯ ದನಿ, ಕಲ್ಲಿನ ಸದ್ದು, ತಮಟೆ ಇವು ಮೊದಲೇ ರೆಕಾರ್ಡಾದ ಫೈಲುಗಳು, ಅಂದರೆ ಆಗಲೇ ಹಿಟ್ಟು. ಭಾರ ಇರುವುದು ಕಂಪ್ಯೂಟರು ತಾನೇ ತಯಾರಿಸುವ ವಾದ್ಯಗಳಲ್ಲಿ ಮತ್ತು ರಿವರ್ಬಿನಂಥ ಪರಿಣಾಮಗಳಲ್ಲಿ. ಅದರಲ್ಲೂ ಪಿಟೀಲಿನಂಥ ವಾದ್ಯದ ತಂತ್ರಾಂಶ ನಿಜವಾದ ಪಿಟೀಲಿನ ನೂರಾರು ತುಣುಕುಗಳನ್ನು ರ್‍ಯಾಮಿಗೆ ತುಂಬಿಕೊಳ್ಳುತ್ತದೆ. 4 ಜಿಬಿಯ ಯಂತ್ರದಲ್ಲಿ ಅಂಥದ್ದು ಎರಡು ಕೂತರೆ ಮೂರನೆಯದಕ್ಕೆ ಜಾಗ ಇಲ್ಲ. ನಾವು 14 ಟ್ರ್ಯಾಕು ಫ್ರೀಜ್ ಮಾಡಿದೆವು. ಎಂಟು ಟ್ರ್ಯಾಕಿಗೆ ಹುಡುಗ ಬೇರೆ ಬೇರೆ ರಿವರ್ಬು ಹಾಕಿದ್ದ. ಅವನ್ನು ತೆಗೆದು ಎಲ್ಲಕ್ಕೂ ಸೇರಿ ಒಂದೇ ರಿವರ್ಬಿನ ಟ್ರ್ಯಾಕು ಮಾಡಿ ಅಲ್ಲಿಗೆ ಕಳಿಸಿದೆವು. ಇದು ಫ್ರೀಜ್ ಅಲ್ಲ, ಬರೀ ಗೃಹಕೃತ್ಯ. ಆದರೆ ಫ್ರೀಜ್‌ನಷ್ಟೇ ಉಪಕಾರ ಮಾಡಿತು.

ಭಾನುವಾರ ಬಫರನ್ನು 128ಕ್ಕೆ ಇಳಿಸಿದರೆ ಯಂತ್ರ ಕೆಮ್ಮಲಿಲ್ಲ. ಇನ್ನೊಂದು ಲಾಭ ನಾವು ಎಣಿಸಿರಲಿಲ್ಲ. ನಮ್ಮದು ಶೀಟಿನ ರೂಮು, ಬಿಸಿಲಿಗೆ ಲ್ಯಾಪ್‌ಟಾಪು ಕಾದರೆ ಫ್ಯಾನು ಗುಯ್ ಅನ್ನುತ್ತದೆ, ಆ ಸದ್ದು ಮೈಕಿಗೆ ಬೀಳುತ್ತದೆ. ಹೆಚ್ಚು ಕಾದರೆ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನೇ ತಗ್ಗಿಸುತ್ತದೆ, ಆಗ ಕರಕರ ಇನ್ನೂ ಜಾಸ್ತಿ. ಭಾರ ಇಳಿದ ಮೇಲೆ ಫ್ಯಾನು ಸುಮ್ಮನಾಯಿತು. ಅಜ್ಜಿ ಬಂದರು. ಈ ಸಲ ಕೈಗೆ ಸಿಗಲಿ ಅಂತ ಒಂದು ಮರದ ಗೂಟವನ್ನು ಮಣೆಗೆ ಬಡಿದು ಇಟ್ಟಿದ್ದೆವು. ಅದನ್ನು ಹಿಡಿದು ಗಾಳಿಯಲ್ಲೇ ಕಲ್ಲು ತಿರುಗಿಸುತ್ತಾ ನಾಲ್ಕು ನುಡಿಯನ್ನೂ ಹಾಡಿದರು. ನಡುವೆ ಎರಡು ಸಲ ನೀರು, ಒಂದು ಸಲ ರೈಲು. ‘ಈಗ ಅಣಕುಸ್ತಾ ಇಲ್ಲ’ ಅಂದರು. ಸಂಘದ ಅರ್ಜಿ ಹುಡುಗನ ಬ್ಯಾಗಿನಲ್ಲೇ ಉಳಿಯಿತು.

ಇದಕ್ಕೆ ಬೆಲೆ ಇಲ್ಲವೆಂದಲ್ಲ. ಫ್ರೀಜ್ ಜಾಗ ತಿನ್ನುತ್ತದೆ. 24 ಬಿಟ್ಟಿನ ಸ್ಟೀರಿಯೋ ಫೈಲು ನಿಮಿಷಕ್ಕೆ ಸುಮಾರು 16 ಎಂಬಿ. ನಮ್ಮ ಆರು ನಿಮಿಷದ ಹಾಡಿಗೆ ಟ್ರ್ಯಾಕೊಂದಕ್ಕೆ 95 ಎಂಬಿ, 14 ಟ್ರ್ಯಾಕಿಗೆ 1.3 ಜಿಬಿ. ಹಾಡು ಮುಗಿದ ಮೇಲೆ ಬೇಡದ ಫೈಲು ಅಳಿಸದಿದ್ದರೆ ಡಿಸ್ಕು ತುಂಬಿ ಬೇರೆ ತಲೆನೋವು. ತಾಳದ ವೇಗ ಗಟ್ಟಿಯಾದ ಮೇಲೆಯೇ ಫ್ರೀಜ್ ಮಾಡಬೇಕು; ಆಮೇಲೆ ವೇಗ ಬದಲಿಸಿದರೆ ಎಲ್ಲವನ್ನೂ ಬಿಡಿಸಿ ಮತ್ತೆ ಮಾಡಬೇಕಾಗುತ್ತದೆ. ಕೆಲವು ಕಡೆ ರಿವರ್ಬಿನ ಬಾಲ ಕತ್ತರಿಸಿದಂತೆ ಕೊನೆಯಾಗುತ್ತದೆ, ಟ್ರ್ಯಾಕಿನ ಕೊನೆಗೆ ನಾಲ್ಕು ಸೆಕೆಂಡು ಖಾಲಿ ಬಿಟ್ಟು ಮಾಡಿದರೆ ಸರಿಹೋಗುತ್ತದೆ. ಇನ್ನು, 60 ಟ್ರ್ಯಾಕಿನ ಸಿನಿಮಾ ಸಂಗೀತ ಮಾಡುವವರಿಗೆ ದಿನವೆಲ್ಲ ಫ್ರೀಜ್, ಅನ್‌ಫ್ರೀಜ್ ಮಾಡುತ್ತ ಕೂರುವುದು ಆಗದ ಮಾತು. ಅಂಥವರು ದೊಡ್ಡ ಯಂತ್ರ ತಗೊಳ್ಳಲೇಬೇಕು, ಸಂಪಾದನೆಯೂ ಅದಕ್ಕೆ ತಕ್ಕಂತೆ ಇರುತ್ತದೆ. ನಾವು ಹೇಳುತ್ತಿರುವುದು ಹಬ್ಬಕ್ಕೊಂದು ಹಾಡು ಮಾಡುವವರ ಮಾತು.

ಹಳಬರ ಪಾಡು ನೋಡಿದರೆ ನಮ್ಮದು ಸುಖವೇ. ಕನ್ನಡ ಸಿನಿಮಾ ಹಾಡುಗಳು ಮದ್ರಾಸಿನ ಸ್ಟುಡಿಯೋಗಳಲ್ಲಿ ರೆಕಾರ್ಡಾಗುತ್ತಿದ್ದ ಕಾಲದಲ್ಲಿ ಹಾಡುವವರು, ನುಡಿಸುವವರು ಒಟ್ಟಿಗೆ ಕೂತು ಒಂದೇ ಏಟಿಗೆ ಮುಗಿಸಬೇಕಿತ್ತು. ಕೊನೆಯ ಸಾಲಿನಲ್ಲಿ ಪಿಟೀಲಿನವರು ಜಾರಿದರೆ ಎಲ್ಲರೂ ಮೊದಲಿಂದ. ಆಮೇಲೆ ನಾಲ್ಕು ಟ್ರ್ಯಾಕಿನ ಟೇಪು ಬಂತು. 1967ರಲ್ಲಿ ಬೀಟಲ್ಸ್ ತಂಡ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮನ್ನು ಲಂಡನ್ನಿನಲ್ಲಿ ಮಾಡಿದ್ದು ಅಂಥ ಯಂತ್ರಗಳ ಮೇಲೆ. ನಾಲ್ಕು ತುಂಬಿದರೆ ಅವನ್ನು ಬೆರೆಸಿ ಇನ್ನೊಂದು ಟೇಪಿಗೆ ಇಳಿಸಿ ಜಾಗ ಮಾಡಿಕೊಳ್ಳುವುದು, ಇದಕ್ಕೆ ಬೌನ್ಸ್ ಅನ್ನುತ್ತಾರೆ. 1979ರಲ್ಲಿ ಟಾಸ್ಕ್ಯಾಮ್ ಕಂಪನಿಯ ಪೋರ್ಟಾಸ್ಟುಡಿಯೋ ಬಂದು ಸಾಮಾನ್ಯ ಕ್ಯಾಸೆಟ್ಟಿನ ಮೇಲೇ ನಾಲ್ಕು ಟ್ರ್ಯಾಕು ರೆಕಾರ್ಡು ಮಾಡುವುದು ಮನೆಮಟ್ಟಕ್ಕೆ ಇಳಿಯಿತು. ಮೂರು ಟ್ರ್ಯಾಕು ತುಂಬಿಸಿ, ನಾಲ್ಕನೆಯದಕ್ಕೆ ಬೆರೆಸಿ, ಆ ಮೂರನ್ನು ಅಳಿಸಿ ಮತ್ತೆ ತುಂಬುವುದು. ಬೆರೆತ ಮೇಲೆ ಹಾರ್ಮೋನಿಯಂ ಜಾಸ್ತಿಯಾಯಿತು ಅನ್ನಿಸಿದರೂ ತೆಗೆಯಲು ದಾರಿ ಇಲ್ಲ. ಸಾರಿನಿಂದ ಉಪ್ಪು ತೆಗೆದ ಹಾಗೆ. 2003ರಲ್ಲಿ ಬಂದ ಲಾಜಿಕ್‌ನ 6ನೇ ಆವೃತ್ತಿಯಲ್ಲಿ ಫ್ರೀಜ್ ಇತ್ತು. ಆಗಿನ ದುಬಾರಿ ಕಂಪ್ಯೂಟರುಗಳ ಶಕ್ತಿ ನಮ್ಮ ಈಗಿನ ಹಳೇ ಲ್ಯಾಪ್‌ಟಾಪಿಗಿಂತ ಬಹಳ ಕಮ್ಮಿ. ಇದು ಬಡವರಿಗೆಂದು ಯಾರೋ ಕರುಣೆಯಿಂದ ಮಾಡಿಟ್ಟ ಗುಂಡಿಯಲ್ಲ, ಕಸುಬಿನವರು ತಮಗೇ ಬೇಕೆಂದು ಕೇಳಿ ಪಡೆದದ್ದು.

ಮನೆಯವರಿಗೆ ನಾವು ಪೆನ್‌ಡ್ರೈವಿನಲ್ಲಿ ಎರಡು ಫೈಲು ಕೊಟ್ಟೆವು. ಒಂದು ಸಂಗೀತ ಕೂಡಿಸಿದ್ದು, ಇನ್ನೊಂದು ಬೈಕಿನ ಸದ್ದಿನ ಸಮೇತ ಬರೀ ಕಲ್ಲು ಮತ್ತು ದನಿ. ಮದುವೆಯಲ್ಲಿ ಮೊದಲನೆಯದನ್ನೇ ಹಾಕಿದರು. ಎರಡು ಸಲ ಹಾಕಿದರು.

ಈಗ ಹುಡುಗನಿಗೆ ಮೂರನೇ ನುಡಿಯ ಕೊನೆಗೆ ಕೊಳಲು ಬೇರೆ ಥರ ಇಳಿಯಬೇಕು ಅನ್ನಿಸಿದೆ. ಅನ್‌ಫ್ರೀಜ್ ಒತ್ತಿದರೆ ಆ ಕೊಳಲಿನ ತಂತ್ರಾಂಶವೇ ತೆರೆಯುವುದಿಲ್ಲ. ಅದು ಕೆಲವು ದಿನದ ಮಟ್ಟಿಗೆ ಪುಕ್ಕಟೆಯಾಗಿ ಬಂದ ಟ್ರಯಲ್ಲು, ಅವಧಿ ಮುಗಿದಿದೆ. ಕದ್ದ ಪ್ರತಿ ಹಾಕಿಕೊಡುತ್ತೇನೆ ಅಂತ ಅವನ ಸ್ನೇಹಿತನೊಬ್ಬ ಬಂದಿದ್ದ, ವೈರಸ್ಸು ಬಂದರೆ ಎಲ್ಲರ ರೆಕಾರ್ಡಿಂಗೂ ಹೋಗುತ್ತದೆ ಅಂತ ನಾವು ಬೇಡ ಅಂದೆವು. ಫ್ರೀಜ್ ಆದ ಫೈಲು ಮಾತ್ರ ಹಾಗೇ ಇದೆ. ತಂತ್ರಾಂಶ ಸತ್ತರೂ ಕೊಳಲು ನುಡಿಯುತ್ತಿದೆ, ಹೋದ ತಿಂಗಳು ಹೇಗೆ ಇಳಿಯುತ್ತಿತ್ತೋ ಹಾಗೇ ಇಳಿಯುತ್ತಿದೆ. ಹುಡುಗ ಇನ್ನೂ ಗೊಣಗುತ್ತಿದ್ದಾನೆ. ಆ ತಂತ್ರಾಂಶದ ರೇಟು ಮೂರು ಸಾವಿರವಂತೆ. ಗೌರಿ ಹಬ್ಬದ ಹಾಡಿನ ದುಡ್ಡು ಬಂದ ಮೇಲೆ ನೋಡೋಣ ಅಂತ ಮಾತಾಗಿದೆ.